ಚೆಲ್ಲುವ ನೀರಿಗೂ ಐಸು

ಹೊಳೆದಂಡೆಯ ಆಶ್ರಮಕ್ಕೆ ಸೇರಿದ ಒಂದು ಪುಟ್ಟ ಆಸ್ಪತ್ರೆ. ಅದರ ಪ್ರಯೋಗಾಲಯದಲ್ಲಿ ವಿಶಾಲಾಕ್ಷಮ್ಮ ರಕ್ತಪರೀಕ್ಷೆ ಕಲಿಸುತ್ತಿದ್ದರು. ಯತಿರಾಜ ಕಲಿಯುತ್ತಿದ್ದ.

ಅವನದು ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅಮ್ಮನಿಗೆ ಅವನ ಮೇಲೆ ಅಕ್ಕರೆ.

ಅಮ್ಮನ ಎರಡು ಪದ್ಧತಿ ಅವನಿಗೆ ನಗು ತರಿಸುತ್ತಿದ್ದವು. ಟ್ಯೂಬಿನ ಮೇಲೆ ನಂಬರು ಇದ್ದರೂ ಆಕೆ ರೋಗಿಯ ಹೆಸರು ಹಿಡಿದೇ ಕರೆಯುತ್ತಿದ್ದರು. ಪರೀಕ್ಷೆಯಲ್ಲಿ ಬೇಡವಾದ ನೀರನ್ನು ಸಂಜೆಯವರೆಗೆ ಐಸಿನಲ್ಲಿ ಇಡುತ್ತಿದ್ದರು.

“ಚೆಲ್ಲೋ ನೀರಿಗೂ ಇಷ್ಟೊಂದು ಉಪಚಾರವಾ ಅಮ್ಮ?”

“ಇರಲಿ ಬಿಡೋ. ನಿನ್ನ ಗಂಟೇನು ಹೋಗುತ್ತೆ?”

ಒಂದು ಬೆಳಿಗ್ಗೆ ಮಹದೇವಿಯ ಮಗುವಿನ ರಕ್ತ ಬಂತು. ಇಪ್ಪತ್ತು ದಿನದ ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಹಾಲು ಕುಡಿಯುವುದನ್ನು ಬಿಟ್ಟಿತ್ತು.

ಡಾಕ್ಟರಿಗೆ ಒಂದು ಕಾಯಿಲೆಯ ಅನುಮಾನ. ಅದು ಇದ್ದರೆ ರಕ್ತದಲ್ಲಿ ಒಂದು ಸಣ್ಣ ಪ್ರೋಟೀನು ಇರಬೇಕು, ಅದೂ ಎಲ್ಲೋ ಒಂದಿಷ್ಟು. ಕಂಡರೆ ಇವತ್ತೇ ಔಷಧ, ಕಾಣದಿದ್ದರೆ ಮನೆಗೆ. ಇನ್ನೊಮ್ಮೆ ತೆಗೆಯುವಷ್ಟು ರಕ್ತ ಆ ಮೈಯಲ್ಲಿ ಇರಲಿಲ್ಲ.

ಯತಿರಾಜ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ರಕ್ತದ ತಿಳಿಯನ್ನು ಬೇರೆ ಮಾಡಿದ. ತಿಳಿಯ ತುಂಬ ಆಲ್ಬುಮಿನ್ ಎಂಬ ದೊಡ್ಡ ಪ್ರೋಟೀನಿನದೇ ಕಾರುಬಾರು. ಅದರ ನಡುವೆ ಸಣ್ಣದು ಕಾಣುವುದಿಲ್ಲ. ಹಾಗಾಗಿ ಆಲ್ಬುಮಿನನ್ನು ಹಿಡಿದಿಟ್ಟುಕೊಳ್ಳುವ ಒಂದು ಕೊಳವೆಯೊಳಗೆ ತಿಳಿಯನ್ನು ಇಳಿಸಿದ. ಕೆಳಗೆ ಬಂದದ್ದನ್ನು ಪರೀಕ್ಷೆಗೆಂದು ಜೋಪಾನವಾಗಿ ಎತ್ತಿಟ್ಟ.

ಕೊಳವೆಯಲ್ಲಿ ಅಂಟಿದ್ದ ಆಲ್ಬುಮಿನನ್ನು ಒಂದು ಲೋಟಕ್ಕೆ ತೊಳೆದುಕೊಂಡು, ಆ ನೀರನ್ನು ಚೆಲ್ಲಲು ಸಿಂಕಿನ ಕಡೆ ಹೊರಟ.

ವಿಶಾಲಾಕ್ಷಮ್ಮ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ಐಸಿನಲ್ಲಿ ಇಟ್ಟರು.

ಮಧ್ಯಾಹ್ನ ಅವನು ಕಾಗದ ಹಿಡಿದು ಬಂದ.

“ಇಪ್ಪತ್ತಾರನೇ ನಂಬರಿನಲ್ಲಿ ಏನೂ ಇಲ್ಲ ಅಮ್ಮ.”

“ಯಾರದು?”

“ಮಹದೇವಿಯ ಮಗುವಿನದು. ಆಲ್ಬುಮಿನ್ ಪೂರ್ತಿ ತೆಗೆದು ಮೂರು ಸಲ ನೋಡಿದೆ. ಕಾಯಿಲೆ ಇಲ್ಲ ಅಂತ ಬರೆದುಬಿಡಲಾ?” ಅವನ ಮುಖದಲ್ಲಿ ನಿಜವಾದ ಖುಷಿಯಿತ್ತು.

“ವರಾಂಡಕ್ಕೆ ಹೋಗಿ ಮಗು ಹೇಗಿದೆ ನೋಡಿಕೊಂಡು ಬಾ.”

ಹೋಗಿ ಬಂದ. “ಬೆಂಚಿನ ತುಂಬ ಜನ. ಮಗು ಅದರ ತಾಯಿ ಸೆರಗಿನೊಳಗಿದೆ. ಮುಖಾನೇ ಕಾಣಲಿಲ್ಲ.”

“ದೊಡ್ಡವರನ್ನೆಲ್ಲ ಆಚೆ ಕಳಿಸು. ಆಗ ಚೆನ್ನಾಗಿ ಕಾಣುತ್ತೆ.”

ಯತಿರಾಜ ನಕ್ಕುಬಿಟ್ಟ. “ಒಳ್ಳೇ ಕಥೆ ನಿಮ್ಮದು! ತಾಯೀನ ಆಚೆ ಕಳಿಸಿದರೆ ಮಗು ಒಂದೇ ಇಲ್ಲಿ ಉಳಿಯುತ್ತಾ? ಅದೂ ಅವಳ ಜೊತೆಗೇ…”

ಅವನು ಐಸಿನಲ್ಲಿದ್ದ ಲೋಟವನ್ನು ನೋಡಿದ.

“ಸಣ್ಣದು ಆಲ್ಬುಮಿನ್‌ಗೆ ಅಂಟಿಕೊಂಡು ಹೋಗಿಬಿಟ್ಟಿದೆಯಾ ಅಮ್ಮ?”

“ಹಿಡಿತ ಸಡಿಲ ಮಾಡೋ ದ್ರಾವಣ ಕಪಾಟಿನ ಮೇಲಿನ ಅರೆಯಲ್ಲಿದೆ. ನಿಧಾನಕ್ಕೆ ಹಾಕು.”

ಆ ಚುರುಕು ಕೈ ಈಗ ದ್ರಾವಣವನ್ನು ಹನಿ ಹನಿಯಾಗಿ ಹಾಕಿತು. ವಿಶಾಲಾಕ್ಷಮ್ಮ ಅವನ ಮೊಣಕೈಗೆ ತಮ್ಮ ಅಂಗೈ ಆಸರೆ ಕೊಟ್ಟು ನಿಂತರು. ಆಲ್ಬುಮಿನ್‌ನಿಂದ ಸಣ್ಣದನ್ನು ಬಿಡಿಸಿ, ಸೋಸಿ, ಮತ್ತೆ ಪರೀಕ್ಷೆಗೆ ಇಟ್ಟರು.

ನಾಲ್ಕು ಗಂಟೆಗೆ ಅದು ಕಂಡಿತು. ಇಷ್ಟೇ ಇಷ್ಟು, ಆದರೆ ಇತ್ತು.

ಯತಿರಾಜ ಹಳೆಯ ಕಾಗದ ಹರಿದು, ಹೊಸದು ಬರೆದು, ಡಾಕ್ಟರ ಬಳಿಗೆ ಓಡಿದ. ಬಹಳ ಹೊತ್ತು ಬಿಟ್ಟು ವಾಪಸು ಬಂದ.

“ಔಷಧ ಕೊಟ್ಟರು. ಸಮಯಕ್ಕೆ ಸಿಕ್ಕಿತು ಅಂದರು ಡಾಕ್ಟರು. ಸೂಜಿ ಚುಚ್ಚಿದ್ದಕ್ಕೆ ಮಗು ಕಿರುಚಿ ಕಿರುಚಿ ಅತ್ತಿತು ಅಮ್ಮ.”

ಅಷ್ಟು ಹೇಳಿ ತಾನೂ ಅತ್ತ. “ಸಿಂಕಿನ ತನಕ ಹೋಗಿತ್ತು ನನ್ನ ಕೈ. ಚೆಲ್ಲಿಬಿಡುತ್ತಿದ್ದೆ.”

“ಚೆಲ್ಲಲಿಲ್ಲವಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಮೊದಲು ಊಟ ಮಾಡು.” ವಿಶಾಲಾಕ್ಷಮ್ಮ ತಮ್ಮ ಮೊಸರನ್ನದ ಡಬ್ಬಿ ಬಿಚ್ಚಿ ಅವನ ಮುಂದೆ ಇಟ್ಟರು.

ಎರಡು ತುತ್ತು ತಿಂದ ಮೇಲೆ ಯತಿರಾಜ ಕೇಳಿದ. “ಬೇಡದ ನೀರನ್ನ ಐಸಿನಲ್ಲಿ ಇಡಬೇಕು ಅಂತ ನಿಮಗೆ ಕಲಿಸಿದ ಗುರು ಯಾರು ಅಮ್ಮ?”

ವಿಶಾಲಾಕ್ಷಮ್ಮ ಖಾಲಿ ಲೋಟವನ್ನು ತೊಳೆದು, ಒರೆಸಿ, ನಾಳೆಗೆಂದು ಮಗುಚಿ ಇಟ್ಟರು.

“ಚೆಲುವಮ್ಮನ ಮಗು, ಯತಿ. ಅದರ ನೀರನ್ನ ನಾನು ಚೆಲ್ಲಿಬಿಟ್ಟಿದ್ದೆ. ಅದಕ್ಕೂ ಇನ್ನೂ ಹೆಸರಿಟ್ಟಿರಲಿಲ್ಲ.”