ಹಿಂದಿನ ಹತ್ತು ಗಂಟು

"ಗುರುಗಳೇ, ಹನ್ನೊಂದು ವರ್ಷ ಜಪ ಮಾಡಿದೆ. ನನ್ನ ಸಿಟ್ಟು ಮಾತ್ರ ಹಾಗೇ ಇದೆ. ಇನ್ನು ನಾನು ಆಶ್ರಮದಲ್ಲಿದ್ದು ಏನು ಫಲ?"

ಹೀಗೆ ಕೇಳಿದವನು ಪುಂಡಲೀಕನೆಂಬ ಶಿಷ್ಯ. ಆಗಷ್ಟೇ ಹೊಳೆಯಿಂದ ಬಂದಿದ್ದ. ಆಶ್ರಮದಲ್ಲಿದ್ದ ಒಬ್ಬ ಕುರುಡಜ್ಜನನ್ನು ದಿನಾ ಬೆಳಿಗ್ಗೆ ಸ್ನಾನಕ್ಕೆ ಕರೆದೊಯ್ದು ಕರೆತರುವುದು ಬಂದಂದಿನಿಂದ ಅವನ ಪಾಲಿನ ಸೇವೆ. ಅವನು ಮುಂದೆ ನಡೆದರೆ ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಬರುತ್ತಿದ್ದರು. ಈಗ ಅವರನ್ನು ಜಗಲಿಯಲ್ಲಿ ಕೂರಿಸಿ, ಒದ್ದೆ ಪಂಚೆಯಲ್ಲೇ ಗುರುಗಳ ಮುಂದೆ ಬಂದು ನಿಂತಿದ್ದ. ಊರಿಗೆ ಹೊರಡಲು ಬಟ್ಟೆಯ ಗಂಟು ಆಗಲೇ ಕಟ್ಟಿಯಾಗಿತ್ತು.

"ಸಿಟ್ಟು ಹಾಗೇ ಇದೆ ಎಂದು ನಿನಗೆ ಹೇಗೆ ಗೊತ್ತು?" ಎಂದರು ಗುರುಗಳು.

"ದಿನಾ ಸಂಜೆ ಮನಸ್ಸನ್ನು ಬಿಚ್ಚಿ ನೋಡಿಕೊಳ್ಳುತ್ತೇನೆ. ಎಂದೂ ಬದಲಾಗಿಲ್ಲ. ನಿನ್ನೆ ಕೂಡ ಅಡುಗೆಮನೆಯಲ್ಲಿ ಗದರಿ ಬಂದೆ."

"ಹಾಗೋ. ಕೂತುಕೋ. ಪಂಚೆ ಆರುವವರೆಗೆ ಒಂದು ಕತೆ ಕೇಳು." ಗುರುಗಳು ದೇವರಿಗೆ ಕೈಮುಗಿದು ಶುರುಮಾಡಿದರು.

ಒಂದು ಊರು. ಅಲ್ಲಿ ಕೃಷ್ಣಾಷ್ಟಮಿಯ ಮರುದಿನ ಸಂಜೆ ಒಂದು ಮಗುವಿಗೆ ಕೃಷ್ಣನ ವೇಷ ಹಾಕಿ, ಕೈಗೆ ಬೆಣ್ಣೆಯ ಗಡಿಗೆ ಕೊಟ್ಟು, ಬೀದಿಯಲ್ಲಿ ನಡೆಸುತ್ತಾರೆ. ಭಜನೆಯವರು ಹಾಡುತ್ತ ಹಿಂದೆ ಬರುತ್ತಾರೆ. ಆ ಹೊತ್ತಿಗೆ ಮಗುವೇ ದೇವರು. ಅದಕ್ಕಿಂತ ಮುಂದೆ ಯಾರೂ ಕಾಲಿಡುವಂತಿಲ್ಲ.

ಆ ವರ್ಷದ ಪಾಳಿ ಒಬ್ಬ ಹುಡುಗಿಯದು. ಅವಳಿಗೆ ಹುಟ್ಟಿನಿಂದ ಗುಂಗುರು ಕೂದಲು. ಎರಡು ವರ್ಷದ ಹಿಂದೆ ಜ್ವರ ಬಂದು ಮಗು ಉಳಿಯುವುದೇ ಕಷ್ಟವೆನಿಸಿದಾಗ ಅಜ್ಜಿ ಮುಡಿಯ ಹರಕೆ ಹೊತ್ತಳು. ಜ್ವರ ಬಿಟ್ಟಿತು. ಮುಡಿ ಕೊಟ್ಟು ಬಂದರು. ಆಮೇಲೆ ಬೆಳೆದ ಕೂದಲು ನೆಟ್ಟಗೆ ಬೆಳೆಯಿತು. ಬೀದಿಯ ಮಕ್ಕಳು "ಈ ಸಲ ಪೊರಕೆಕಡ್ಡಿ ಕೃಷ್ಣ!" ಎಂದು ನಕ್ಕರು.

"ನಾನು ವೇಷ ಹಾಕೋದಿಲ್ಲ ಅಜ್ಜಿ" ಎಂದಳು ಹುಡುಗಿ. "ದೇವರು ನನ್ನ ಗುಂಗುರನ್ನು ಇಟ್ಟುಕೊಂಡುಬಿಟ್ಟ. ಅವನ ಜೊತೆ ಟೂ ಬಿಟ್ಟಿದ್ದೇನೆ."

"ಅವನು ಇಟ್ಟುಕೊಂಡಿದ್ದು ನಿನ್ನ ಜ್ವರವನ್ನು ಕಣೇ" ಎಂದಳು ಅಜ್ಜಿ. "ಗುಂಗುರಿಗೆ ಅವನನ್ನು ಯಾಕೆ ಕರೆಯಬೇಕು? ನನ್ನ ಹಳೇ ಸೀರೆ ಸಾಕು."

ವೇಷದ ದಿನ ಬೆಳಿಗ್ಗೆ ಅಜ್ಜಿ ಮಗುವಿನ ತಲೆಗೆ ನೀರು ಹಾಕಿದಳು. ಹಳೇ ಸೀರೆಯನ್ನು ಹರಿದು ಬೆರಳಗಲದ ಪಟ್ಟಿ ಮಾಡಿದಳು. ಅಗಸೆ ಬೀಜ ಕುದಿಸಿ ಲೋಳೆ ಸೋಸಿದಳು. ಕೂದಲು ಅರ್ಧ ಆರಿದಾಗ ಲೋಳೆ ಸವರಿ, ಒಂದೊಂದೇ ಎಳೆಯನ್ನು ತುದಿಯಿಂದ ಬುಡದವರೆಗೆ ಪಟ್ಟಿಗೆ ಸುತ್ತಿ ಗಂಟು ಹಾಕಿದಳು. ಮುಂದೆ ಆರು, ಹಿಂದೆ ಹತ್ತು. ಒಂದೊಂದು ಗಂಟಿಗೂ ಒಂದೊಂದು ನಾಮ ಹೇಳಿದಳು.

"ಸಂಜೆಯವರೆಗೆ ಮುಟ್ಟಬೇಡ. ಒಣಗಿದರೆ ಮಾತ್ರ ಸುರುಳಿ ನಿಲ್ಲುತ್ತದೆ."

"ಒಣಗಿತೋ ಇಲ್ಲವೋ ನನಗೆ ಹೇಗೆ ಗೊತ್ತಾಗುತ್ತೆ?"

"ನಿನಗೆ ಗೊತ್ತಾಗಬೇಕಾಗಿಲ್ಲ. ನೀನು ಬಿಸಿಲಿಗೆ ಕೂತಿರು, ಸಾಕು."

ಹುಡುಗಿ ಕೂತಳು. ಸ್ವಲ್ಪ ಹೊತ್ತಿಗೆ, ಒಂದೇ ಒಂದನ್ನು ನೋಡಿದರೆ ಏನಾದೀತು ಎನ್ನಿಸಿತು. ಹಣೆಯ ಮೇಲಿನ ಗಂಟನ್ನು ಬಿಚ್ಚಿದಳು. ಒದ್ದೆ ಎಳೆ ಮೂಗಿನ ಮುಂದೆ ನೆಟ್ಟಗೆ ಇಳಿಯಿತು. ಇದೊಂದು ಕೆಟ್ಟಿರಬೇಕು ಎಂದು ಪಕ್ಕದ್ದನ್ನೂ ಬಿಚ್ಚಿದಳು. ಅದೂ ಹಾಗೇ. ಅಜ್ಜಿ ಬಂದು ನೋಡಿದಳು. ಬೈಯಲಿಲ್ಲ. ಮತ್ತೆ ಸುತ್ತಿ ಕಟ್ಟಿದಳು. ಹುಡುಗಿ ಮತ್ತೆ ಬಿಚ್ಚಿದಳು. ಹೀಗೆ ಮುಂದಿನ ಆರೂ ಗಂಟುಗಳನ್ನು ಬಿಚ್ಚುವುದು, ಕಟ್ಟಿಸಿಕೊಳ್ಳುವುದು ಹೊತ್ತು ಇಳಿಯುವವರೆಗೂ ನಡೆಯಿತು. ಹಿಂದಿನ ಹತ್ತು ಅವಳ ಕಣ್ಣಿಗೆ ಬೀಳುವಂತಿರಲಿಲ್ಲ. ಅವುಗಳ ನೆನಪೇ ಅವಳಿಗೆ ಬರಲಿಲ್ಲ.

ಸಂಜೆ ಅಜ್ಜಿ ವೇಷ ಹಾಕಿ, ಗಂಟುಗಳನ್ನೆಲ್ಲ ಬಿಚ್ಚಿದಳು. ಹುಡುಗಿ ಕನ್ನಡಿ ನೋಡಿದಳು. ಹಣೆಯ ಎರಡೂ ಕಡೆ ಅದೇ ಪೊರಕೆಕಡ್ಡಿ.

"ಹಿಂದೆ ಚೆನ್ನಾಗಿ ಬಂದಿದೆ ಪುಟ್ಟೀ."

"ಸುಳ್ಳು! ನಾನೇ ನೋಡಿದೆನಲ್ಲ."

ಹೊರಗೆ ತಾಳದ ಸದ್ದು ಕೇಳಿತು. ಭಜನೆಯವರು ಬಾಗಿಲಿಗೇ ಬಂದಿದ್ದರು. ಬಾಗಿಲಿಗೆ ಬಂದ ನಾಮವನ್ನು ಹೋಗು ಎನ್ನುವುದು ಹೇಗೆ? ಹುಡುಗಿ ಕಣ್ಣೊರೆಸಿಕೊಂಡು ಗಡಿಗೆಯನ್ನು ಎತ್ತಿಕೊಂಡಳು. ತಲೆ ತಗ್ಗಿಸಿ ನಡೆದಳು.

ನಾಲ್ಕು ಮನೆ ದಾಟುವಷ್ಟರಲ್ಲಿ ಹಿಂದೆ ಹಾಡು ನಿಂತಿತು. ನಗುತ್ತಾರೆ ಈಗ ಎಂದು ಹುಡುಗಿ ಗಡಿಗೆಯನ್ನು ಎದೆಗೆ ಒತ್ತಿ ಹಿಡಿದಳು. ತಾಳ ಹಿಡಿದಿದ್ದ ಮುದುಕರೊಬ್ಬರ ದನಿ ಕೇಳಿತು. "ನಲವತ್ತು ವರ್ಷದಿಂದ ಹೀಗೆ ಹಿಂದೆ ಹಿಂದೆ ಬರುತ್ತಿದ್ದೇನೆ. ಇವತ್ತು ಅವನೇ ಮುಂದೆ ಹೋಗುತ್ತಿದ್ದಾನಲ್ಲಪ್ಪಾ!"

"ಏ, ನೋಡ್ರೋ" ಎಂದಿತು ಮೊನ್ನೆ ನಕ್ಕಿದ್ದ ಮಗುವೊಂದು. "ಕತ್ತಿನ ತುಂಬ ಉಂಗುರ ಉಂಗುರ!"

ಹುಡುಗಿ ಒಂದು ಕೈಯನ್ನು ಮೆಲ್ಲಗೆ ಕತ್ತಿನ ಹಿಂದಕ್ಕೆ ಒಯ್ದಳು. ಬೆರಳು ಸುರುಳಿಯೊಳಗೆ ಸಿಕ್ಕಿಕೊಂಡಿತು. ಅವಳು ತಲೆ ಎತ್ತಿದಳು. ಹಾಡು ಮತ್ತೆ ಶುರುವಾಯಿತು. ದೇವರ ಜೊತೆ ಟೂ ಬಿಟ್ಟದ್ದು ಅವಳಿಗೆ ಮರೆತೇಹೋಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಪುಂಡಲೀಕನ ಪಂಚೆ ಒಣಗಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಬಟ್ಟೆಯ ಗಂಟು ಅವನ ತೊಡೆಯ ಮೇಲಿತ್ತು.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಾನು ಹೊರಡಲೋ, ಇರಲೋ?"

"ಜಗಲಿಯಲ್ಲಿರುವ ಅಜ್ಜನನ್ನು ಕೇಳಿ ಬಾ, ಹನ್ನೊಂದು ವರ್ಷದಿಂದ ನಿನ್ನ ಹಿಂದೆ ಅವರು ಹಿಡಿದು ನಡೆದ ಹೆಗಲಲ್ಲಿ ಆ ಸಿಟ್ಟು ಇನ್ನೂ ಹಾಗೇ ಇದೆಯೇ ಎಂದು."