ಚುಕ್ಕಿಯ ಮಗ್ಗಿ

"ಗುರುಗಳೇ, ನಾನು ಹುಡುಕಿ ಕಂಡುಕೊಂಡದ್ದನ್ನು ಮೊನ್ನೆ ಬಂದವಳಿಗೆ ನಾನೇಕೆ ತೋರಿಸಬೇಕು?"

ಕೇಳಿದವಳು ವಿಮಲಾಕ್ಷಿ, ಶಾಲೆಯ ಶಿಕ್ಷಕಿ. ಅವಳು ಕಂಡುಕೊಂಡದ್ದು ಹೊಸ ಶಿಕ್ಷಕರಿಗೆಂದು ಪಾಠಯೋಜನೆಗಳನ್ನು ಸಿದ್ಧಮಾಡಿ ಇಟ್ಟಿದ್ದ ಒಂದು ಜಾಲತಾಣ. ಮೊನ್ನೆ ಬಂದವಳು ಪಕ್ಕದ ತರಗತಿಯ ಹೊಸ ಶಿಕ್ಷಕಿ. ಗುರುಗಳು ತೋರಿಸಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳಿಗೆ ಏನೂ ತೋಚುತ್ತಿರಲಿಲ್ಲ. ಪುಸ್ತಕ ಓದಿ ಹೇಳಿದರೆ ಮಕ್ಕಳು ಆಕಳಿಸುತ್ತಿದ್ದರು. ಆಗ ಫೋನಿನಲ್ಲಿ ಹುಡುಕುತ್ತ ಒಂದು ಜಾಲತಾಣ ಸಿಕ್ಕಿತು. ದೂರದ ಯಾವುದೋ ಊರಿನ ಮೇಷ್ಟ್ರೊಬ್ಬರು ತಾವು ಮಾಡಿದ ಪಾಠಗಳನ್ನು ಅದರಲ್ಲಿ ಇಟ್ಟಿದ್ದರು. ಯಾವ ವಾರ ಯಾವ ಪಾಠ, ಯಾವ ಆಟದಿಂದ ಶುರು, ಮಕ್ಕಳಿಗೆ ತಿಳಿಯಿತೋ ಇಲ್ಲವೋ ನೋಡುವುದು ಹೇಗೆ, ಎಲ್ಲವೂ ಇತ್ತು. ಬೇಕಾದವರು ನೋಡಿ ಬಳಸಬಹುದಿತ್ತು.

ಅವಳು ವಾರವಾರವೂ ಅದನ್ನು ತೆರೆದು ನೋಡಿಕೊಂಡು ಪಾಠ ಮಾಡಿದಳು. ರಂಗೋಲಿಯ ಚುಕ್ಕಿ ಇಟ್ಟು ಮಗ್ಗಿ ಕಲಿಸಿದಳು. ಮಕ್ಕಳು ಕಲಿತರು. ನೋಡಲು ಬಂದ ಅಧಿಕಾರಿ ಬೆರಗಾಗಿ, ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಅವಳು ನಕ್ಕು ಸುಮ್ಮನಾದಳು. ಅಂದಿನಿಂದ ಅದು ಅವಳ ಪಾಠವಾಯಿತು. ಊರವರೂ ಹಾಗೆಂದರು. ಬರಬರುತ್ತ ಅವಳೂ ಹಾಗೇ ನಂಬಿದಳು.

ಕೆಲವು ವರ್ಷಗಳ ಮೇಲೆ ಆ ಶಾಲೆಗೆ ಒಬ್ಬ ಹೊಸಬಳು ಬಂದಳು. ಅವಳಿಗೆ ಕಲಿಸಲು ಬರುತ್ತಿರಲಿಲ್ಲ. ಆದರೆ ಮಕ್ಕಳಿಗೆ ಅವಳೆಂದರೆ ಜೀವ. ಹಲ್ಲು ಅಲುಗಾಡಿದರೆ ಅವಳಿಗೇ ತೋರಿಸಲು ಓಡುತ್ತಿದ್ದರು. ಹಿರಿಯಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಮಗುವೂ ತನ್ನ ಬಳಿ ಬಾಯಿ ತೆರೆದು ಹಲ್ಲು ತೋರಿಸಿರಲಿಲ್ಲ. ಅವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ಒಂದು ದಿನ ಹೊಸಬಳು ಕಣ್ಣೊರೆಸಿಕೊಳ್ಳುತ್ತ ಬಂದಳು. "ಅಕ್ಕಾ, ನನ್ನ ತರಗತಿ ಹಿಡಿತಕ್ಕೇ ಸಿಗುತ್ತಿಲ್ಲ. ಇಂಥ ಪಾಠಗಳನ್ನು ನೀವು ಎಲ್ಲಿಂದ ತರುತ್ತೀರಿ?"

"ಎಲ್ಲಿಂದಲೂ ತರುವುದಲ್ಲ. ಮಾಡುತ್ತ ಮಾಡುತ್ತ ತಾನಾಗಿ ಬರುತ್ತದೆ" ಎಂದಳು ಹಿರಿಯಳು. ಆ ಸಂಜೆ ಅವಳಿಗೆ ಊಟ ರುಚಿಸಿತು.

ಹೊಸಬಳು ಹೇಗೋ ದಿನ ನೂಕಿದಳು. ತಾನೇ ಏನೇನೋ ಮಾಡಿ ನೋಡಿದಳು. ಕೆಲವು ಕೆಟ್ಟವು, ಕೆಲವು ಫಲಿಸಿದವು. ಅವಳ ಕೋಣೆಯಿಂದ ನಗು ಕೇಳಿಸಿದಾಗಲೆಲ್ಲ ಹಿರಿಯಳು ತನ್ನ ಮಕ್ಕಳಿಗೆ ಮಗ್ಗಿಯನ್ನು ಇನ್ನೂ ಜೋರಾಗಿ ಹೇಳಿಸುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಹೊಸಬಳು ಫೋನು ಹಿಡಿದು ಓಡಿಬಂದಳು. "ಅಕ್ಕಾ, ನಿಮ್ಮ ಚುಕ್ಕಿಯ ಮಗ್ಗಿಯನ್ನು ಯಾರೋ ಕದ್ದು ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದಾರೆ. ಒಂದಲ್ಲ, ನಿಮ್ಮ ಎಲ್ಲ ಪಾಠಗಳನ್ನೂ. ನಾನು ಬಿಡಲಿಲ್ಲ. ಇವು ನಮ್ಮ ಅಕ್ಕನ ಪಾಠಗಳು, ನಾಚಿಕೆಯಾಗಬೇಕು ನಿಮಗೆ ಎಂದು ಅಲ್ಲೇ ಬರೆದುಬಿಟ್ಟೆ."

ಹಿರಿಯಳು ನಿಜ ಹೇಳದೆ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದಳು.

ಮರುದಿನ ಮೇಷ್ಟ್ರ ಉತ್ತರ ಬಂತು. "ಇವು ನಾನೇ ಮಾಡಿದ ಪಾಠಗಳು. ಆದರೂ ಒಂದೇ ಯೋಚನೆ ಇಬ್ಬರಿಗೆ ಹೊಳೆದಿರಬಹುದು. ಆ ಅಕ್ಕನವರ ಮನಸ್ಸು ನೋಯುವುದು ಬೇಡ. ತೆಗೆದುಬಿಡುತ್ತೇನೆ." ಹೇಳಿದಂತೆ ಎಲ್ಲವನ್ನೂ ತೆಗೆದರು.

ಹಿರಿಯಳಿಗೆ ಮೊದಲು ಹಾಯೆನಿಸಿತು. ಇನ್ನು ಹೊಸಬಳ ಕೈಗೆ ಅದು ಸಿಗುವುದಿಲ್ಲ. ಆದರೆ ಮುಂದಿನ ಪಾಠಕ್ಕೆಂದು ಫೋನು ತೆರೆದರೆ ಅವಳ ಕೈಗೂ ಸಿಗಲಿಲ್ಲ. ಪುಟ ಬರಿದಾಗಿತ್ತು. ಅದರ ಕೆಳಗೆ ಯಾವ್ಯಾವುದೋ ಊರಿನ ಹೊಸ ಶಿಕ್ಷಕರು ಬರೆಯುತ್ತಿದ್ದರು. ನಾಳೆ ನನ್ನ ಮೊದಲ ತರಗತಿ, ಪಾಠಗಳು ಎಲ್ಲಿ ಹೋದವು ಎಂದು ಒಬ್ಬಳು ಕೇಳಿದ್ದಳು. ಇದೊಂದನ್ನೇ ನಂಬಿದ್ದೆ ಎಂದು ಇನ್ನೊಬ್ಬ ಬರೆದಿದ್ದ.

ಅವಳು ಬರಿಗೈಯಲ್ಲಿ ತರಗತಿಗೆ ಹೋದಳು. ಪುಸ್ತಕ ತೆರೆದು ಓದಿದಳು. ಮಕ್ಕಳು ಆಕಳಿಸಿದರು. ಪಕ್ಕದ ಕೋಣೆಯಲ್ಲಿ ಹೊಸಬಳು ತಾನೇ ಕಟ್ಟಿದ ಯಾವುದೋ ಪಾಠ ಮಾಡುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಹಿರಿಯಳಿಗೆ ಆ ಗೋಡೆಯನ್ನು ನೋಡಲು ಆಗಲಿಲ್ಲ. ಹೊಸಬಳ ಮೇಲೆ ಹೊಟ್ಟೆ ಉರಿಯಿತು. ಮೇಷ್ಟ್ರ ಒಳ್ಳೆಯತನದ ಮೇಲೂ ಉರಿಯಿತು. ಕೇಳಲು ಯಾರೂ ಇಲ್ಲದೆ ಮೊದಲ ತರಗತಿಗೆ ಹೋಗುವ ಆ ಹುಡುಗಿಯ ಮೇಲೆ ಮಾತ್ರ ಉರಿಯಲಿಲ್ಲ. ಆ ಹುಡುಗಿ ಹೇಗೆ ನಿಂತಿರುತ್ತಾಳೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶಾಲೆ ಬಿಟ್ಟ ಮೇಲೆ ಅವಳು ಹೊಸಬಳನ್ನು ಕರೆದು ಕೂರಿಸಿದಳು.

"ಕದ್ದವರು ಆ ಮೇಷ್ಟ್ರಲ್ಲ. ಆ ಪಾಠಗಳು ಅವರವೇ. ನೀನು ಬಂದ ದಿನವೇ ತೋರಿಸಬಹುದಿತ್ತು. ತೋರಿಸಲಿಲ್ಲ."

ಹೊಸಬಳು ಅಂದಳು, "ಆಗ ನಾನು ದಿನಾ ಅಳುತ್ತಿದ್ದೆ, ಅಕ್ಕಾ."

ಹಿರಿಯಳು ತಲೆ ತಗ್ಗಿಸಿದಳು. ಅಲ್ಲೇ ಕುಳಿತು ನಡೆದದ್ದನ್ನು ನಡೆದ ಹಾಗೇ ಮೇಷ್ಟ್ರಿಗೆ ಬರೆದಳು. ಎಲ್ಲರಿಗೂ ಕಾಣುವ ಜಾಗದಲ್ಲಿ, ತನ್ನ ಹೆಸರು ಹಾಕಿ ಬರೆದಳು. ಹೊಸಬಳೂ ಅದರ ಕೆಳಗೆ ತನ್ನ ತಪ್ಪು ಒಪ್ಪಿಕೊಂಡಳು. ಪಾಠಗಳು ಮರಳಿ ಬಂದವು. ಸುದ್ದಿ ಶಾಲೆಯಲ್ಲೂ ಹಬ್ಬಿತು, ಊರಲ್ಲೂ ಹಬ್ಬಿತು. ಕೆಲವರು ಅವಳೆದುರೇ ನಕ್ಕರು. ಹೊಸಬಳು ನಗಲಿಲ್ಲ, ಆದರೆ ಮೊದಲಿನಂತೆ ಮಾತಾಡಲು ಅವಳಿಗೆ ಬಹಳ ದಿನ ಬೇಕಾಯಿತು. ಆಮೇಲೆ ಇಬ್ಬರೂ ಶನಿವಾರ ಕುಳಿತು ಮುಂದಿನ ವಾರದ ಪಾಠ ಸಿದ್ಧಮಾಡಿಕೊಳ್ಳತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು.

ವಿಮಲಾಕ್ಷಿಗೆ ಸಮಾಧಾನವಾಗಲಿಲ್ಲ. "ಅಷ್ಟು ವರ್ಷ ಗಳಿಸಿದ್ದ ಹೆಸರೆಲ್ಲ ಹೋಯಿತಲ್ಲ, ಗುರುಗಳೇ. ಅವಳದ್ದೆಂದು ಏನು ಉಳಿಯಿತು?"

ಗುರುಗಳು ಹೇಳಿದರು: "ಹೆಸರು ಆ ಮೇಷ್ಟ್ರದ್ದು, ಅವರಿಗೇ ಸೇರಿತು, ಅವಳದ್ದೆಂದು ಇದ್ದದ್ದು ಹೊಟ್ಟೆಕಿಚ್ಚೊಂದೇ, ಹೋದದ್ದೂ ಅದೊಂದೇ."