ಮಾವನ ಮುಖದ ಮೇಲೆ ಗೀಟು

ಸಣ್ಣತಮ್ಮಯ್ಯನವರು ಬಂದವರೇ ಸ್ಟುಡಿಯೋ ಮೇಜು ಗುದ್ದಿದರು. "ಮಗಳ ಮದುವೆ ಆಲ್ಬಮ್ಮಿನಲ್ಲಿ ನನ್ನ ಬಾಮೈದ ಇರಕೂಡದು. 'ಅಡುಗೆಯವರ ಮೇಲೆ ಕೂಗಾಡಬೇಡಿ ಭಾವ' ಅಂತ ಬೀಗರ ಮುಂದೆ ನನಗೇ ಹೇಳ್ತಾನೆ! ಎಲ್ಲಾ ಕಡೆ ಅಳಿಸಿ ಹಾಕು."

ಆಲ್ಬಂ ಕೆಲಸದ ಚೆಲುವಮ್ಮ ಪ್ರೂಫ್ ಫೋಟೋಗಳ ಕಟ್ಟು ಮುಂದಿಟ್ಟು, ಕೈಗೆ ಕೆಂಪು ಪೆನ್ನು ಕೊಟ್ಟಳು. "ಅವರ ಮುಖದ ಮೇಲೆ ನೀವೇ ಗೀಟು ಎಳೀರಿ ಸಾರ್. ಎಳೆದಿದ್ದನ್ನೆಲ್ಲ ತೆಗೀತೀನಿ."

ಸಣ್ಣತಮ್ಮಯ್ಯನವರು ಹುರುಪಿನಿಂದ ಗೀಚಿದರು. ಚಪ್ಪರದಲ್ಲಿ ಗೀಟು, ಧಾರೆಯಲ್ಲಿ ಗೀಟು. ಕೊನೆಗೆ, ಚೆಲುವಮ್ಮ ಬೇಕೆಂದೇ ತಳದಲ್ಲಿಟ್ಟಿದ್ದ ಫೋಟೋ ಬಂತು. ಸೋದರಮಾವ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರುತ್ತಿದ್ದಾನೆ. ಅವಳು ಅವನ ಕೊರಳು ತಬ್ಬಿ, ಕೆನ್ನೆಗೆ ಕೆನ್ನೆ ಒತ್ತಿ ನಗುತ್ತಿದ್ದಾಳೆ. ಅವನ ಮುಖಕ್ಕೆ ಗೀಟು ಎಳೆದರೆ ಮಗಳ ಮುಖಕ್ಕೂ ಬೀಳುತ್ತದೆ.

ಪೆನ್ನು ನಿಂತಿತು.

"ಇವನ ಜಾಗಕ್ಕೆ ನನ್ನನ್ನು ಹಾಕೋಕಾಗುತ್ತಾ?" ಅವರ ಧ್ವನಿ ಇಳಿದಿತ್ತು.

"ಹಾಕಬಹುದು ಸಾರ್. ಆದರೆ ನೀವು ನಗ್ತಿರೋ ಫೋಟೋ ಬೇಕು. ಎಲ್ಲಾ ಹುಡುಕಿದೆ, ಒಂದೂ ಸಿಗಲಿಲ್ಲ."

ಸಣ್ಣತಮ್ಮಯ್ಯನವರು ಗೀಚಿದ ಫೋಟೋಗಳನ್ನು ಒಂದೊಂದಾಗಿ ತಿರುವಿದರು. "ಅಯ್ಯೋ, ಎಲ್ಲಾ ಹಾಳು ಮಾಡಿಬಿಟ್ಟೆನಲ್ಲಮ್ಮ."

ಚೆಲುವಮ್ಮನಿಗೇ ಪಾಪ ಅನ್ನಿಸಿತು. "ಪ್ರೂಫ್ ಅಲ್ವಾ ಸಾರ್? ತಪ್ಪಾದರೆ ಇದರಲ್ಲೇ ಆಗಲಿ ಅಂತ ಮೊದಲು ಪ್ರಿಂಟ್ ಹಾಕೋದು. ಆಲ್ಬಮ್ಮಿಗೆ ಹೊಸದಾಗಿ ಹಾಕಿಕೊಡ್ತೀನಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಮದುವೆಗೂ ಹೀಗೇ ಒಂದು ಪ್ರೂಫ್ ಇದ್ದಿದ್ದರೆ, ನಾನೂ ನಗ್ತಿದ್ದೆ ಕಣಮ್ಮ."